ಕಡೆಯ ಗಳಿಗೆಯ ಹಡಗು

ಮೂವತ್ತೈದು ವರ್ಷ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು ವಿಶ್ರಾಂತನಾದ ನನಗೆ ಪಂಚತಂತ್ರದ ಮೂರು ಮೀನುಗಳ ಕಥೆಯೆಂದರೆ ಮೊದಲಿನಿಂದಲೂ ಪ್ರೀತಿ. ಬೆಸ್ತರು ಬಲೆ ಬೀಸುವರೆಂಬುದು ತಿಳಿದೊಡನೆಯೆ ಕೊಳವನ್ನು ಬಿಟ್ಟುಹೋದವನು ಅನಾಗತವಿಧಾತ. ಅಪಾಯ ಬಂದಾಗ ಉಪಾಯವನ್ನು ಹುಡುಕಿದವನು ಪ್ರತ್ಯುತ್ಪನ್ನಮತಿ. ಆಗುವುದು ಆಗಲೆಂದು ಕುಳಿತು ಪ್ರಾಣವನ್ನು ಕಳೆದುಕೊಂಡವನು ಯದ್ಭವಿಷ್ಯ. ಈ ಪಾಠ ಬಂದಾಗಲೆಲ್ಲ ನಾನು ಮೊದಲನೆಯ ಮೀನಿನ ಪಕ್ಷವನ್ನೆ ಹಿಡಿಯುತ್ತಿದ್ದೆನು. ನನ್ನ ಸಂಸಾರವೂ ಅದೇ ಪಕ್ಷದಲ್ಲಿ ನಡೆಯಿತು. ಉಪ್ಪಿನಕಾಯಿಯ ಮಾವಿನ ಮಿಡಿಯಿಂದ ಹಿಡಿದು ಮಗನ ಉಪನಯನದ ಛತ್ರದವರೆಗೆ ಎಲ್ಲವೂ ಮುಂಚಿತವಾಗಿ ಗೊತ್ತಾಗಬೇಕು. ಕಳೆದ ದಸರೆಯ ಹೊತ್ತಿಗೆ ಮನೆಯಲ್ಲಿ ನಡೆದ ಒಂದು ಚರ್ಚೆಯಿಂದ ಈ ಪಕ್ಷಪಾತ ಸ್ವಲ್ಪ ಸಡಿಲವಾಯಿತು. ಅದನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುವುದೇ ಈ ಬರವಣಿಗೆಯ ಉದ್ದೇಶ.

ಮಕ್ಕಳ ರಜೆಗೆ ಹನ್ನೆರಡು ದಿನಗಳಿರುವಾಗ ಬೆಂಗಳೂರಿನಿಂದ ಮಗನು ಫೋನು ಮಾಡಿದನು. “ಅಪ್ಪ, ಮುಂಬಯಿಯಿಂದ ಲಕ್ಷದ್ವೀಪಕ್ಕೆ ಹೋಗಿಬರುವ ವಿಹಾರದ ಹಡಗಿನಲ್ಲಿ ಕೋಣೆಗಳ ಬೆಲೆ ಬಹಳ ಇಳಿದಿದೆ. ನಾಳೆ ಸಂಜೆಯೊಳಗೆ ಹೇಳಿಬಿಡಬೇಕು. ಅಮ್ಮ, ಅತ್ತೆ, ಎಲ್ಲರೂ ಹೋಗಿಬರೋಣ” ಎಂದನು. ಎಲ್ಲರೂ ಎಂದರೆ ನಾನು, ನನ್ನ ಗೃಹಿಣಿ, ನಮ್ಮೊಡನಿರುವ ವಿಧವೆಯಾದ ನನ್ನ ಅಕ್ಕ, ಮಗ, ಸೊಸೆ, ಹತ್ತು ವರ್ಷದ ಮೊಮ್ಮಗ, ನಾಲ್ಕು ವರ್ಷದ ಮೊಮ್ಮಗಳು, ಹೀಗೆ ಏಳು ಜನ. ಹಾಸನದಿಂದ ಧರ್ಮಸ್ಥಳಕ್ಕೆ ಹೊರಡುವುದಕ್ಕೂ ಒಂದು ತಿಂಗಳು ಮೊದಲೇ ಪಂಚಾಂಗವನ್ನು ತೆರೆಯತಕ್ಕ ನನಗೆ ಈ ಮಾತು ಸಿಡಿಲು ಬಡಿದಂತಾಯಿತು.

ಆದರೆ ಮಗನ ಮಾತಿನಲ್ಲಿ ಯುಕ್ತಿಯಿಲ್ಲವೆನ್ನಲಾಗದು. ಸಂತೆಯಲ್ಲಿ ಸಂಜೆಯಾಗುತ್ತಲೆ ಸೊಪ್ಪಿನ ಬೆಲೆ ಇಳಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಹಡಗಿನ ಕೋಣೆಯೂ ಸೊಪ್ಪಿನಂತಹುದೆ. ಹಡಗು ದಡವನ್ನು ಬಿಟ್ಟ ಮೇಲೆ ಬರಿದಾದ ಕೋಣೆಗೆ ಕಾಸಿನ ಬೆಲೆಯೂ ಇಲ್ಲ. ಪ್ರಯಾಣಿಕನು ಕಡಮೆ ಹಣಕ್ಕೆ ಒಳಗೆ ಬಂದರೂ ಪಾನೀಯಕ್ಕೆಂದೂ ಅಂಗಡಿಗೆಂದೂ ದಡದ ತಿರುಗಾಟಕ್ಕೆಂದೂ ನಾಲ್ಕು ಕಾಸು ಬಿಚ್ಚಿಯಾನು. ಅಲ್ಲದೆ, ಮೊದಲೇ ಕಾದಿರಿಸಿದವರು ಬಾಕಿಯ ಹಣವನ್ನು ಹೊರಡುವ ದಿನಕ್ಕೆ ಎರಡು ಮೂರು ತಿಂಗಳು ಮುಂಚೆ ತೀರಿಸಬೇಕೆಂಬ ನಿಯಮ ಅನೇಕ ಕಂಪೆನಿಗಳಲ್ಲಿ ಉಂಟು. ಆ ಗಡುವಿನಲ್ಲಿ ಹಿಂದೆಗೆದವರ ಕೋಣೆಗಳು ಮತ್ತೆ ಮಾರಾಟಕ್ಕೆ ಬರುತ್ತವೆ. ಹೀಗೆ ಕಡೆಯ ದಿನಗಳಲ್ಲಿ ಬೆಲೆ ಇಳಿಯುವುದು ಮೋಸವಲ್ಲ; ವ್ಯಾಪಾರದ ಸಹಜಧರ್ಮ. ಆದರೆ ಹಡಗು ತುಂಬುತ್ತ ಬಂದಿದ್ದರೆ ಅದೇ ಕಡೆಯ ದಿನಗಳಲ್ಲಿ ಬೆಲೆ ಏರುವುದೂ ಅಷ್ಟೇ ಸಹಜವೆಂಬುದನ್ನು ಮರೆಯಬಾರದು.

ಅಕ್ಕನ ಆಕ್ಷೇಪಣೆ ಬೇರೆ ಬಗೆಯದು. “ಸಮುದ್ರಯಾನ ನಮಗೆ ಉಂಟೇನೋ? ತಾತನವರು ಇದ್ದಿದ್ದರೆ ಒಪ್ಪುತ್ತಿದ್ದರೆ?” ಎಂದಳು. ಪಾಠಶಾಲೆಯಲ್ಲಿ ಓದಿದವನಾದ್ದರಿಂದ ಉತ್ತರ ಹೇಳುವ ಭಾರ ನನ್ನ ಮೇಲೆಯೆ ಬಿದ್ದಿತು. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನೀಯಗಳಲ್ಲಿ ಸೇರಿಸಿರುವುದು ನಿಜ. ಆದರೆ ಅದನ್ನು ಉತ್ತರದೇಶದವರ ಆಚಾರಗಳಲ್ಲಿ ಒಂದೆಂದು ಎಣಿಸಿರುವುದೂ ಅದೇ ಸೂತ್ರ. ನಿಷೇಧವಿತ್ತೆಂದ ಮೇಲೆ ಹೋಗುವವರೂ ಇದ್ದರೆಂದೇ ಅರ್ಥವಷ್ಟೆ. ಇಷ್ಟನ್ನು ಹೇಳಿ, ಗಾಂಧಿಯವರ ಆತ್ಮಕಥೆಯಲ್ಲಿನ ಸಂಗತಿಯೊಂದನ್ನು ನೆನಪಿಗೆ ತಂದೆನು. 1888ರಲ್ಲಿ ಅವರು ಇಂಗ್ಲೆಂಡಿಗೆ ಹೋಗಲು ಮುಂಬಯಿಗೆ ಬಂದಾಗ, ಮಳೆಗಾಲದ ಕಡಲು ಒರಟು, ನವೆಂಬರಿನವರೆಗೆ ತಡೆಯಿರಿ ಎಂದು ಅಣ್ಣನ ಸ್ನೇಹಿತರು ಹೇಳಿದರಂತೆ. ಅಷ್ಟರಲ್ಲಿ ಜಾತಿಯವರು ಸಭೆ ಸೇರಿ ಬಹಿಷ್ಕಾರ ಹಾಕಿದರು. ಜುನಾಗಢದ ವಕೀಲರೊಬ್ಬರು ಸೆಪ್ಟೆಂಬರ್ 4ರ ಹಡಗಿನಲ್ಲಿ ಹೊರಡುವರೆಂದು ಕೇಳಿ, ಗಾಂಧಿಯವರು ಅವಸರದಿಂದ ಸ್ನೇಹಿತರೊಬ್ಬರಲ್ಲಿ ಸಾಲ ಪಡೆದು, ಆ ವಕೀಲರ ಕೋಣೆಯಲ್ಲಿಯೆ ಒಂದು ಸ್ಥಳವನ್ನು ಹಿಡಿದು ಹೊರಟೇಬಿಟ್ಟರು. ಕಡೆಯ ಗಳಿಗೆಯಲ್ಲಿ ಹಡಗು ಹತ್ತಿದವರಲ್ಲಿ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ?

ಈ ಕಥೆಯನ್ನು ಕೇಳಿ ಮಗನು ಗೆದ್ದೆನೆಂದುಕೊಂಡನು. ನಾನು ಹೇಳಿದೆನು: “ಅಪ್ಪಾ, ಅವರು ಆಗ ಹದಿನೆಂಟರ ತರುಣ. ಹೊರಟವರು ಒಬ್ಬರೇ, ಬೇಕಾಗಿದ್ದುದು ಒಂದೇ ಹಾಸಿಗೆ. ನಾವು ಏಳು ಜನ.” ಬಳಿಕ ಕಾಗದ ಪೆನ್ಸಿಲುಗಳನ್ನು ತೆಗೆದುಕೊಂಡು ಕುಳಿತೆನು.

ಮೊದಲನೆಯದು ಕೋಣೆಯ ವಿಚಾರ. ಹಡಗಿನ ಕೋಣೆಗಳಲ್ಲಿ ಹೆಚ್ಚಿನವು ಇಬ್ಬರಿಗಾಗಿ ಮಾಡಿದವು. ಮೂವರು ನಾಲ್ವರು ಮಲಗತಕ್ಕವು ಕೆಲವೇ. ಮಕ್ಕಳೊಂದಿಗರು ಅವನ್ನು ಮೊದಲೇ ಹಿಡಿದಿರುತ್ತಾರೆ. ಕೋಣೆ ಖಾಲಿಯಿದ್ದರೂ ಮೂರನೆಯ ಹಾಸಿಗೆಯನ್ನು ಕೊಡಲಾರೆವೆಂದು ಹೇಳುವುದೂ ಉಂಟು. ಇದಕ್ಕೆ ಕಾರಣ ಪ್ರಾಣರಕ್ಷಣೆಯ ದೋಣಿಗಳ ಲೆಕ್ಕ. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರಲ್ಲಿದ್ದವರೆಲ್ಲರಿಗೂ ಸಾಲುವಷ್ಟು ದೋಣಿಗಳಿರಲಿಲ್ಲ. ಆ ದುರಂತದ ಫಲವಾಗಿ 1914ರಲ್ಲಿ ಮೊದಲನೆಯ ಅಂತರರಾಷ್ಟ್ರೀಯ ಒಡಂಬಡಿಕೆ ಆಯಿತು. ಈಗ ನಡೆಯುತ್ತಿರುವುದು 1974ರದು. ಆದಕಾರಣ ಹಡಗಿನವರು ತಲೆಗಳನ್ನು ಎಣಿಸಿಯೆ ಸ್ಥಳ ಕೊಡುತ್ತಾರೆ. ನಮಗೆ ಆ ದಿನ ಸಿಕ್ಕುವಂತಿದ್ದುದು ಬೇರೆ ಬೇರೆ ಅಂತಸ್ತುಗಳಲ್ಲಿ ಚದರಿದ ನಾಲ್ಕು ಕೋಣೆಗಳು. ಅಕ್ಕನಿಗೆ ಮೊಣಕಾಲಿನ ನೋವು. ಮೊಮ್ಮಗಳು ತಾಯಿಯನ್ನು ಬಿಟ್ಟಿರಳು. ಗಂಟೆ ಬಾರಿಸಿದಾಗ ನಾವು ಕೂಡಬೇಕಾದ ಎಡೆಗಳೂ ಬೇರೆಯಾದರೆ ಯಾರು ಯಾರನ್ನು ಹುಡುಕುವುದು?

ಎರಡನೆಯದು ದಾರಿ. ಹಾಸನದಲ್ಲಿ ಬಂದರಿಲ್ಲ. ಅರಸೀಕೆರೆಯ ಮೇಲೆ ಮುಂಬಯಿಗೆ ರೈಲು ಉಂಟು. ಆದರೆ 2024ರ ನವೆಂಬರಿನಿಂದ ರೈಲಿನ ಮುಂಗಡ ಟಿಕೀಟು 60 ದಿನ ಮೊದಲು ದೊರೆಯುವಂತಾಗಿದೆ. ಅದಕ್ಕೆ ಹಿಂದೆ 120 ದಿನಗಳಿದ್ದವು. ದಸರೆಯ ಸಮಯದಲ್ಲಿ ಹನ್ನೆರಡು ದಿನ ಮೊದಲು ಏಳು ಹಾಸಿಗೆಗಳನ್ನು ಕೇಳುವುದು ಆಕಾಶಕ್ಕೆ ಏಣಿ ಹಾಕಿದಂತೆ. ವಿಮಾನವನ್ನು ಹಿಡಿಯೋಣವೆಂದರೆ, ಹಡಗಿನಲ್ಲಿ ನಮಗೆ ಉಳಿಯುತ್ತಿದ್ದುದು ಸುಮಾರು 60,000 ರೂಪಾಯಿ. ವಿಮಾನಕ್ಕೆ ರೈಲಿಗಿಂತ ಹೆಚ್ಚಾಗಿ ತಗಲುತ್ತಿದ್ದುದು 52,000. ಮುಂಬಯಿಯಲ್ಲಿ ಒಂದು ರಾತ್ರಿ ತಂಗುವ ವೆಚ್ಚವನ್ನು ಸೇರಿಸಿದರೆ ಲಾಭವು ಅಲ್ಲಿಯೆ ತೀರಿಹೋಯಿತು.

ಮೂರನೆಯದು ಕಾಗದಪತ್ರ. ಲಕ್ಷದ್ವೀಪಕ್ಕೆ ಹೊರಗಿನವರು ಕಾಲಿಡಲು ಪ್ರವೇಶಾನುಮತಿ ಬೇಕು. ಅಕ್ಕನ ಹೆಸರು ಗುರುತಿನ ಚೀಟಿಯಲ್ಲಿ ಒಂದು ಬಗೆ, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ಬಗೆ. ತಿದ್ದಿಸಲು ವೇಳೆಯಿಲ್ಲ. ನಾಲ್ಕನೆಯದು ಹಿಂದೆಗೆಯುವ ಹಕ್ಕು. ಇಷ್ಟು ತಡವಾಗಿ ಕೊಂಡ ಟಿಕೀಟಿನ ಹಣ ಹಿಂದಿರುಗುವುದಿಲ್ಲ. ನಾಳೆ ಮಗುವಿಗೆ ಜ್ವರ ಬಂದರೆ ಏಳು ಜನರ ಹಣವೂ ನೀರುಪಾಲು. ಹೀಗೆ ನಾಲ್ಕು ಕಾರಣಗಳನ್ನು ಒಂದರ ಕೆಳಗೊಂದು ಬರೆದು, “ಮುಂದಿನ ವರ್ಷ ನಿಧಾನವಾಗಿ ಯೋಚಿಸಿ ಹೋಗೋಣ” ಎಂದು ತೀರ್ಪನ್ನು ಕೊಟ್ಟೆನು.

ಇಷ್ಟು ಹೊತ್ತೂ ಬಾಗಿಲಿನ ಬಳಿ ಕುಳಿತು ಹೂ ಕಟ್ಟುತ್ತಿದ್ದ ನನ್ನ ಗೃಹಿಣಿ ತಲೆಯೆತ್ತದೆ ಹೇಳಿದಳು: “ಅತ್ತೆಯವರನ್ನು ಕಾಶಿಗೆ ಕರೆದುಕೊಂಡು ಹೋಗುವುದಕ್ಕೂ ನೀವು ಹೀಗೆಯೆ ಲೆಕ್ಕ ಹಾಕಿದಿರಿ.”

ನನ್ನ ಕೈಯ ಪೆನ್ಸಿಲು ನಿಂತಿತು. ಅದು 1998ಕ್ಕೆ ಹಿಂದಿನ ಮಾತು. ಅಮ್ಮನಿಗೆ ಕಾಶಿಯನ್ನು ನೋಡಬೇಕೆಂಬ ಆಸೆ. ಒಂದು ವರ್ಷ ಅಧಿಕಮಾಸವೆಂದೆನು; ಇನ್ನೊಂದು ವರ್ಷ ಪರೀಕ್ಷೆಯ ಉತ್ತರಪತ್ರಿಕೆಗಳೆಂದೆನು; ಮೂರನೆಯ ವರ್ಷ ಟಿಕೀಟನ್ನು ತೆಗೆಸಿ, ಛತ್ರಕ್ಕೆ ಕಾಗದ ಬರೆದು, ಎಲ್ಲವನ್ನೂ ಸರಿಪಡಿಸಿದೆನು. ಹೊರಡುವುದಕ್ಕೆ ಹದಿನೆಂಟು ದಿನಗಳಿರುವಾಗ ಅಮ್ಮ ಹೋಗಿಬಿಟ್ಟಳು. ನೆರೆಮನೆಯವರು ತಂದಿಟ್ಟಿದ್ದ ಗಂಗೆಯ ಗಿಂಡಿಯನ್ನು ಒಡೆದು ಬಾಯಿಗೆ ಬಿಟ್ಟೆವು. ನನ್ನ ಮುಂದಾಲೋಚನೆಯಲ್ಲಿ ತಪ್ಪಿರಲಿಲ್ಲ. ಅದರಲ್ಲಿ ಅಮ್ಮನ ವಯಸ್ಸು ಒಂದು ಅಂಕಿಯಾಗಿ ಸೇರಿರಲಿಲ್ಲ, ಅಷ್ಟೆ.

ಗೃಹಿಣಿಯ ಮಾತಿಗೆ ಇನ್ನೊಂದು ಅರ್ಥವೂ ಉಂಟು. ಎರಡು ವರ್ಷಗಳಿಂದ ಆಕೆಗೆ ಗ್ಲಾಕೋಮವೆಂಬ ಕಣ್ಣಿನ ರೋಗ. ಈ ರೋಗದಲ್ಲಿ ಸಾಮಾನ್ಯವಾಗಿ ನೋಟದ ಅಂಚುಗಳು ಮೊದಲು ಕುಗ್ಗುತ್ತವೆ. ಹೋದ ದೃಷ್ಟಿ ಹಿಂದಿರುಗುವುದಿಲ್ಲ. ಉಳಿದುದನ್ನು ಹನಿಗಳಿಂದ ಕಾಪಾಡಿಕೊಳ್ಳಬೇಕು. ಆಕೆ ಸಮುದ್ರವನ್ನು ಕಂಡಿಲ್ಲವೆಂದಲ್ಲ; ಮಲ್ಪೆಯ ದಡದಲ್ಲಿ ನಿಂತು ನೋಡಿದ್ದಾಳೆ. ನಾಲ್ಕು ಕಡೆಯೂ ದಡವಿಲ್ಲದ ನೀರನ್ನು ಒಮ್ಮೆ ನೋಡಬೇಕೆಂದು ಎಂದೋ ಹೇಳಿದ್ದಳು. ನಾನು ಮರೆತಿದ್ದೆನು, ಮಗನು ಮರೆತಿರಲಿಲ್ಲ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಬೆಳಗಾಗುವ ಹೊತ್ತಿಗೆ ಒಂದು ವಿವೇಚನೆ ಹೊಳೆಯಿತು. ಹೋಗಬೇಕೆಂಬ ನಿಶ್ಚಯ ಬೇರೆ, ಕೊಳ್ಳುವ ವ್ಯವಹಾರ ಬೇರೆ. ಮಗನು ಎರಡನ್ನೂ ಒಂದೇ ದಿನ ಮಾಡಬೇಕೆಂದನು. ನಾನು ಎರಡನ್ನೂ ಒಟ್ಟಿಗೆ ಮುಂದಕ್ಕೆ ಹಾಕಿದೆನು. ಇಬ್ಬರದೂ ತಪ್ಪು. ವ್ಯವಹಾರಕ್ಕೆ ಕಾಲಾವಕಾಶ ಬೇಕು, ನಿಶ್ಚಯಕ್ಕೆ ಬೇಡ. ಮಗನಿಗೆ ಫೋನು ಮಾಡಿ, “ದಸರೆಯ ಹಡಗು ಬೇಡ. ಡಿಸೆಂಬರಿನ ರಜೆಯಲ್ಲಿ ಯಾವುದಿದೆಯೊ ನೋಡು. ಇಂದೇ ಮುಂಗಡ ಕೊಟ್ಟುಬಿಡೋಣ. ಅಕ್ಕಪಕ್ಕದ ಕೋಣೆಗಳಾಗಬೇಕು, ಒಂದೇ ಅಂತಸ್ತಿನಲ್ಲಿರಬೇಕು” ಎಂದೆನು. ಪೂರ್ಣ ಬೆಲೆಯನ್ನೆ ಕೊಟ್ಟೆವು. ಅಕ್ಕನ ಹೆಸರು ತಿದ್ದಿಸಿದ್ದಾಯಿತು. ರೈಲಿನ ಟಿಕೀಟನ್ನು ಅರವತ್ತನೆಯ ದಿನವೆ ತೆಗೆಸಿದೆವು. ವೈದ್ಯರನ್ನು ಕಂಡು ಹನಿಯ ಔಷಧವನ್ನು ಎರಡು ಪಟ್ಟು ಕಟ್ಟಿಕೊಂಡೆವು.

ಸತ್ಯವನ್ನು ಮುಚ್ಚಿಡಬಾರದು. ಹೊರಡುವುದಕ್ಕೆ ಹತ್ತು ದಿನಗಳಿರುವಾಗ ಆ ಹಡಗಿನ ಬೆಲೆಯೂ ಇಳಿಯಿತು. ಹಡಗಿನ ಊಟದ ಮನೆಯಲ್ಲಿ ನಮ್ಮೆದುರು ಕುಳಿತಿದ್ದ ಪುಣೆಯ ವೃದ್ಧದಂಪತಿಗಳು ಎಂಟು ದಿನ ಮೊದಲು, ನಾವು ತೆತ್ತುದಕ್ಕಿಂತ ಬಹಳ ಕಡಮೆಗೆ, ತಮ್ಮ ಕೋಣೆಯನ್ನು ಕೊಂಡಿದ್ದರು. ಅವರು ಇಬ್ಬರೇ, ಶಾಲೆಯ ರಜೆಯ ಬಂಧನವಿಲ್ಲ, ಬೆಳಗ್ಗೆ ಮನೆಯಿಂದ ಹೊರಟರೆ ಮಧ್ಯಾಹ್ನದೊಳಗೆ ಬಂದರು. ಯಾವ ಕೋಣೆ ಕೊಟ್ಟರೂ ಸರಿಯೆನ್ನುವವರು. ಅವರ ಮಟ್ಟಿಗೆ ಕಡೆಯ ಗಳಿಗೆಯ ಕೊಳ್ಳುವಿಕೆ ಜಾಣತನವೇ ಸರಿ. ಒಬ್ಬರಿಗೆ ಪಥ್ಯವಾದುದು ಇನ್ನೊಬ್ಬರಿಗೆ ಅಪಥ್ಯವಾಗಬಹುದೆಂಬುದು ವೈದ್ಯಕ್ಕೆ ಮಾತ್ರವೆ ಅಲ್ಲ, ಪ್ರಯಾಣಕ್ಕೂ ಸಲ್ಲುತ್ತದೆ.

ಹೊರಟ ದಿನ ಎಲ್ಲರಿಗೂ ಅಪಾಯಕಾಲದ ಅಭ್ಯಾಸವನ್ನು ಮಾಡಿಸಿದರು. 2012ರಲ್ಲಿ ಇಟಲಿಯ ತೀರದಲ್ಲಿ ಕೋಸ್ಟ ಕಾಂಕಾರ್ಡಿಯ ಎಂಬ ಹಡಗು ಬಂಡೆಗೆ ತಗುಲಿ 32 ಜನರು ಸತ್ತರು. ಅದರ ಅನಂತರ, ಈ ಅಭ್ಯಾಸವು ಹೊರಡುವ ಮೊದಲು ಅಥವಾ ಹೊರಟೊಡನೆಯೆ ನಡೆಯತಕ್ಕದ್ದೆಂದು ನಿಯಮವಾಯಿತು. ನಾವು ಏಳು ಜನರೂ ಒಂದೇ ಕಡೆ ನಿಂತೆವು. ಅಕ್ಕನ ಮೊಣಕಾಲಿಗೆ ಮೆಟ್ಟಲಿನ ತೊಂದರೆಯಿರಲಿಲ್ಲ. ಮೊಮ್ಮಗಳು ಆಕೆಯ ಸೆರಗನ್ನು ಹಿಡಿದಿದ್ದಳು. ಆಗ ನಾನು ಹೆಚ್ಚಾಗಿ ಕೊಟ್ಟ ಹಣದ ಲೆಕ್ಕವನ್ನು ಮನಸ್ಸಿನಲ್ಲಿಯೆ ಚುಕ್ತಾ ಮಾಡಿದೆನು.

ಮರುದಿನ ಬೆಳಗ್ಗೆ ಗೃಹಿಣಿಯೊಡನೆ ಮೇಲಿನ ಅಂತಸ್ತಿಗೆ ಹೋದೆನು. ಎಲ್ಲಿಯೂ ದಡವಿಲ್ಲ. ಆಕೆಯ ಕಣ್ಣಿಗೆ ಈಗ ಒಮ್ಮೆಗೇ ವಿಸ್ತಾರ ನಿಲುಕದು. ಕಂಬಿಯನ್ನು ಹಿಡಿದು, ಬಳಿಕ ನನ್ನ ತೋಳನ್ನು ಹಿಡಿದು, ನಿಧಾನವಾಗಿ ಒಂದು ಸುತ್ತು ತಿರುಗಿ ನಾಲ್ಕು ದಿಕ್ಕನ್ನೂ ನೋಡಿದಳು. “ಸಾಕು, ನೋಡಿದೆ” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಅತ್ತೆಯವರೂ ಇರಬೇಕಾಗಿತ್ತು” ಎಂದಳು. ನಾನು ಉತ್ತರ ಕೊಡಲಿಲ್ಲ.

ಈಗ ಆ ಮೂರು ಮೀನುಗಳ ಪಾಠವನ್ನು ಮತ್ತೆ ಹೇಳಬೇಕಾಗಿ ಬಂದರೆ ಸ್ವಲ್ಪ ಬೇರೆ ರೀತಿಯಲ್ಲಿ ಹೇಳುವೆನು. ಮನೆಯಲ್ಲಿ ಮಕ್ಕಳೂ ಮುದುಕರೂ ಇರುವವರು ಹಡಗನ್ನು ಗೊತ್ತುಮಾಡುವಾಗ ಅನಾಗತವಿಧಾತನಾಗಿರಬೇಕು. ದಾರಿಯಲ್ಲಿ ತೊಡಕು ಬಂದಾಗ ಪ್ರತ್ಯುತ್ಪನ್ನಮತಿಯಾಗಬೇಕು. ಹಣ ಕೊಟ್ಟ ಮೇಲೆ, ಬೆಲೆ ಇಳಿಯಿತೋ ಏರಿತೋ ಎಂದು ನೋಡದೆ, ಅಷ್ಟರಮಟ್ಟಿಗೆ ಯದ್ಭವಿಷ್ಯನೂ ಆಗಬೇಕು. ಆದರೆ ಯಾರನ್ನು ಕರೆದುಕೊಂಡು ಹೋಗಬೇಕೋ ಅವರ ಕಾಲ ಯಾವ ಕಂಪೆನಿಯ ಗಡುವಿಗೂ ಕಾಯುವುದಿಲ್ಲ. ಆ ಒಂದು ಅಂಕಿಯನ್ನು ಲೆಕ್ಕದ ಮೊದಲನೆಯ ಸಾಲಿನಲ್ಲಿಯೆ ಬರೆದುಕೊಳ್ಳಬೇಕು.