ದೇಶ ಇರಬೇಕಾದಲ್ಲಿ ಸೊನ್ನೆ

ಮುನಿರಾಬಾದಿನ ಒಂದು ಮನೆ. ಯಜಮಾನರು ತುಂಗಭದ್ರಾ ಎಡದಂಡೆ ಕಾಲುವೆಯ ಕೆಲಸದಲ್ಲಿದ್ದು ನಿವೃತ್ತರಾದವರು. ಮಗ ಸೌದಿ ಅರೇಬಿಯಾದ ದಮ್ಮಾಮಿನಲ್ಲಿ ವೆಲ್ಡರ್. ಮಗಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಓದುತ್ತಾಳೆ. ಅವಳ ಫೀಸು ಕಟ್ಟಲು ಎಂಟೇ ದಿನ ಉಳಿದಿದ್ದಾಗ ಅಣ್ಣನ ಫೋನ್ ಬಂತು: "ತಂಗಿ, ಬ್ಯಾಂಕಿನ ಕೋಡ್ ಹೇಳು." ಅವಳು ಪಾಸ್‌ಬುಕ್ ತೆಗೆದು ಮೊದಲ ಪುಟದಲ್ಲಿದ್ದ ಹನ್ನೊಂದು ಅಕ್ಷರ-ಅಂಕಿಗಳನ್ನು ಒಂದೊಂದಾಗಿ ಓದಿದಳು. ಒಂದೂ ತಪ್ಪಲಿಲ್ಲ. ಆದರೂ ಅಲ್ಲಿನ ಕೌಂಟರಿನವರು ಫಾರ್ಮನ್ನು ವಾಪಸು ಕೊಟ್ಟರು. ಮತ್ತೆ ಪೇಟೆಗೆ ಬರಲು ಅವನಿಗೆ ಮುಂದಿನ ವಾರದ ರಜೆಯೇ ಆಗಬೇಕು.

ಹುಡುಗಿ ಓದಿದ್ದು ಐಎಫ್‌ಎಸ್‌ಸಿ. ಅದು ನಮ್ಮ ದೇಶದೊಳಗಿನ ವಿಳಾಸ. ಮೊದಲ ನಾಲ್ಕು ಅಕ್ಷರ ಬ್ಯಾಂಕು, ಐದನೆಯದು ಸೊನ್ನೆ, ಉಳಿದ ಆರು ಶಾಖೆ. ಹೊರದೇಶದಿಂದ ಹಣ ಬರಲು ಬೇಕಾದದ್ದು ಸ್ವಿಫ್ಟ್ ಕೋಡ್, ಅದನ್ನೇ ಬಿಐಸಿ ಎನ್ನುತ್ತಾರೆ. ಅದೂ ಎಂಟು ಇಲ್ಲವೇ ಹನ್ನೊಂದು. ಗೊಂದಲಕ್ಕೆ ಇದೇ ಮೂಲ! ಸ್ಟೇಟ್ ಬ್ಯಾಂಕಿನದನ್ನು ನೋಡಿ: ಎಸ್‌ಬಿಐಎನ್ - ಐಎನ್ - ಬಿಬಿ. ಮೊದಲ ನಾಲ್ಕು ಬ್ಯಾಂಕು, ನಡುವಿನ ಎರಡು ದೇಶ, ಅಂದರೆ ಇಂಡಿಯಾ, ಕೊನೆಯ ಎರಡು ಸ್ಥಳ. ಶಾಖೆ ಹೇಳಬೇಕಾದರೆ ಮಾತ್ರ ಇನ್ನೂ ಮೂರು ಸೇರುತ್ತವೆ. ದಮ್ಮಾಮಿನ ಫಾರ್ಮಿನಲ್ಲಿ ದೇಶ ಇರಬೇಕಾದ ಜಾಗದಲ್ಲಿ ಸೊನ್ನೆ ಕೂತಿತ್ತು. ಯಂತ್ರ ಒಪ್ಪುವುದಾದರೂ ಹೇಗೆ?

ಮಗಳು ಮರುದಿನ ಬ್ಯಾಂಕಿಗೆ ಹೋಗಿ ಸರಿಯಾದ ಕೋಡ್ ಬರೆಸಿಕೊಂಡು ಬಂದಳು. ಅದರ ಕೊನೆಯಲ್ಲೂ ಬಿಬಿ, ಅಂದರೆ ಮುಂಬೈ. ತಂದೆಗೆ ಹೊಸ ಚಿಂತೆ. "ನಮ್ಮ ಬ್ಯಾಂಕ್ ಇಲ್ಲೇ ಐತಿ. ರೊಕ್ಕ ಮುಂಬೈಗ್ಯಾಕ ಹೋಗ್ಬೇಕು?" ಸಣ್ಣ ಊರಿನ ಶಾಖೆಗಳಿಗೆ ಸ್ವಂತ ಸ್ವಿಫ್ಟ್ ಕೋಡ್ ಇರುವುದು ಅಪರೂಪ. ವಿದೇಶಿ ವ್ಯವಹಾರ ನೋಡುವ ಶಾಖೆಯ ಕೋಡ್ ಬರೆದರೆ ಸಾಕು, ಅಲ್ಲಿಂದ ಖಾತೆ ಸಂಖ್ಯೆ ಹಿಡಿದು ಹಣ ಊರಿಗೆ ಬರುತ್ತದೆ. ಹಾಗೆ ನೋಡಿದರೆ ಸ್ವಿಫ್ಟಿನಲ್ಲಿ ಹಣ ಓಡಾಡುವುದೇ ಇಲ್ಲ! ಓಡಾಡುವುದು ಸಂದೇಶ. ಬ್ಯಾಂಕುಗಳು ಒಂದರಲ್ಲೊಂದು ಇಟ್ಟ ಖಾತೆಗಳಲ್ಲಿ ಜಮೆ-ಖರ್ಚು ಬರೆದುಕೊಳ್ಳುತ್ತವೆ, ಅಷ್ಟೇ. 1973ರಲ್ಲಿ 15 ದೇಶಗಳ 239 ಬ್ಯಾಂಕುಗಳು ಸೇರಿ ಬೆಲ್ಜಿಯಮ್ಮಿನಲ್ಲಿ ಕಟ್ಟಿದ ಸಂಸ್ಥೆಯಿದು. ಭಾರತ ಸೇರಿದ್ದು 1991ರಲ್ಲಿ.

ಇದನ್ನೆಲ್ಲ ಕೇಳುತ್ತ ಕೂತಿದ್ದ ಅಜ್ಜಿ ಮಾತ್ರ ಬೆರಗಾಗಲಿಲ್ಲ. "ಹೊಳಿ ದಾಟಿದ್ರ ನಮ್ಮ ರೂಪಾಯಿನ ಬ್ಯಾರೆ ಆಗತಿತ್ತು" ಎಂದಳು. ಅವಳ ಮಾತು ನಿಜ. ಆಗ ಮುನಿರಾಬಾದ್ ನಿಜಾಮರ ಸೀಮೆ, ಎದುರಿನ ಹೊಸಪೇಟೆ ಮದ್ರಾಸ್ ಪ್ರಾಂತ. 1945ರಲ್ಲಿ ಒಂದೇ ಅಣೆಕಟ್ಟಿಗೆ ಎರಡು ದಂಡೆಗಳಲ್ಲಿ ಎರಡು ಸರ್ಕಾರಗಳು ಬೇರೆ ಬೇರೆ ಅಡಿಗಲ್ಲು ಹಾಕಿದ್ದವು. ಈ ದಂಡೆಯಲ್ಲಿ ಹಾಲಿ ಸಿಕ್ಕಾ, ಆ ದಂಡೆಯಲ್ಲಿ ಕಲ್ದಾರ್. ಏಳು ಹಾಲಿಗೆ ಆರು ಕಲ್ದಾರ್ ಲೆಕ್ಕ. ಹಾಲಿ ಸಿಕ್ಕಾ ಪೂರ್ತಿ ಮರೆಯಾದದ್ದು 1959ರಲ್ಲಿ.

ಪಾಲಕರು ಇನ್ನೊಂದನ್ನು ಗಮನಿಸಬೇಕು. ಬ್ಯಾಂಕು ವಿಲೀನವಾದರೆ ಕೋಡೂ ಬದಲಾಗುತ್ತದೆ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾದಲ್ಲಿ ಸೇರಿತು. ಅದರ ಹಳೆಯ ಸ್ವಿಫ್ಟ್ ಕೋಡ್ 2021ರ ಜುಲೈ 1ರಿಂದ ನಿಂತುಹೋಯಿತು. ಹಳೆ ಪಾಸ್‌ಬುಕ್ ನೋಡಿ ಹೇಳಬಾರದು. ಫಾರ್ಮಿನಲ್ಲಿ ಐಬಿಎಎನ್ ಎಂಬ ಖಾನೆ ಕಂಡರೆ ಗಾಬರಿಯೂ ಬೇಡ, ಅದು ಭಾರತದಲ್ಲಿ ಬಳಕೆಯಲ್ಲಿಲ್ಲ. ಇನ್ನು ಈ ಕೋಡುಗಳು ಗುಟ್ಟಿನವಲ್ಲ, ಯಾರಿಗೆ ಹೇಳಿದರೂ ನಷ್ಟವಿಲ್ಲ. ಗುಟ್ಟಾಗಿಡಬೇಕಾದದ್ದು ಪಿನ್ ಮತ್ತು ಒಟಿಪಿ.

ಫೀಸಿನ ಕಡೆಯ ದಿನ ತಂದೆ ನೆರೆಮನೆಯವರಿಂದ ಕೈಗಡ ತಂದು ಕಟ್ಟಿದರು. ಅಣ್ಣನ ಹಣ ಖಾತೆಗೆ ಬಂದದ್ದು ಅದಾದ ಆರನೇ ದಿನ. ಪಾಸ್‌ಬುಕ್ಕಿನ ಒಳರಟ್ಟಿನ ಮೇಲೆ ಈಗ ಮಗಳ ಕೈಬರಹದಲ್ಲಿ ಎರಡು ಸಾಲುಗಳಿವೆ. ಒಂದರ ಮುಂದೆ "ಒಳಗಿಂದು", ಇನ್ನೊಂದರ ಮುಂದೆ "ಹೊರಗಿಂದು".