ಓಡಬೇಡ ಎನ್ನುವ ಮೊದಲು

"ಓಡಬೇಡ, ಉಬ್ಬಸ ಬರುತ್ತೆ." ಆಸ್ತಮಾ ಇರುವ ನಾವೆಲ್ಲ ಈ ಮಾತು ಕೇಳುತ್ತಲೇ ಬೆಳೆದವರು. ಶಾಲೆಯಲ್ಲಿ ಆಟದ ಪಿರಿಯಡ್ ಬಂದರೆ ಗೆಳೆಯರ ಚೀಲ ಕಾಯುವ ಕೆಲಸ ನಮ್ಮದು. ಕಗ್ಗದಾಸಪುರದ ನಮ್ಮ ಮನೆಗಳಲ್ಲಿ ಅದೇ ಮಾತು ಈಗ ಮಕ್ಕಳ ಕಿವಿಗೂ ಬೀಳುತ್ತಿದೆ. ಇಂತಹ ಮಕ್ಕಳು ಕಡಿಮೆಯೇನಲ್ಲ. ಬೆಂಗಳೂರಿನಲ್ಲಿ ಆಸ್ಪತ್ರೆಗೆ ಬಂದ ಮಕ್ಕಳನ್ನು ಪರೀಕ್ಷಿಸಿ ಡಾ. ಎಚ್. ಪರಮೇಶ್ ಕೊಟ್ಟ ಲೆಕ್ಕದಲ್ಲಿ, 1979ರಲ್ಲಿ ಶೇ. 9ರಷ್ಟಿದ್ದ ಆಸ್ತಮಾ 1999ಕ್ಕೆ ಶೇ. 29.5ಕ್ಕೆ ಏರಿತ್ತು.

ಹೆತ್ತವರ ಭಯ ಸುಳ್ಳಲ್ಲ. ಡಿಸೆಂಬರಿನ ಮುಂಜಾನೆ ಬಾಯಿ ತೆರೆದು ಓಡಿದರೆ ತಣ್ಣನೆಯ ಒಣಗಾಳಿ ನೇರವಾಗಿ ಒಳಹೋಗಿ ಶ್ವಾಸನಾಳದ ತೇವವನ್ನು ಹೀರುತ್ತದೆ, ನಾಳ ಬಿಗಿಯುತ್ತದೆ. ಆದರೆ ರೋಗದ ಬೇರು ಇರುವುದು ಆ ಬಿಗಿತದಲ್ಲಲ್ಲ, ನಾಳದ ಒಳಪದರ ಸದಾ ಕೆಂಪೇರಿ ಊದಿಕೊಂಡಿರುವುದರಲ್ಲಿ. ವೈದ್ಯರು ಅದನ್ನೇ ಉರಿಯೂತ ಎನ್ನುತ್ತಾರೆ. ನಡಿಗೆ ಈ ಉರಿಯೂತವನ್ನೇ ತಗ್ಗಿಸಬಲ್ಲದೇ?

ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಇದನ್ನು ಪರೀಕ್ಷಿಸಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 58 ರೋಗಿಗಳನ್ನು ಎರಡು ಗುಂಪು ಮಾಡಲಾಗಿತ್ತು. ಒಂದು ಗುಂಪಿಗೆ ಉಸಿರಾಟದ ವ್ಯಾಯಾಮ ಮಾತ್ರ, ಇನ್ನೊಂದಕ್ಕೆ ಅದರ ಜೊತೆ ಟ್ರೆಡ್‌ಮಿಲ್. ಮೂರು ತಿಂಗಳ ಬಳಿಕ ಟ್ರೆಡ್‌ಮಿಲ್ ಬಳಸಿದವರ ಶ್ವಾಸನಾಳ ಸಣ್ಣಪುಟ್ಟದಕ್ಕೆ ಕೆರಳುವುದು ಕಡಿಮೆಯಾಗಿತ್ತು, ರಕ್ತದಲ್ಲಿ ಉರಿಯೂತ ಸೂಚಿಸುವ ಎರಡು ಅಂಶಗಳೂ ಇಳಿದಿದ್ದವು. ಕಫದಲ್ಲಿನ ಇಯೊಸಿನೊಫಿಲ್ ಕಣಗಳು ಮಾತ್ರ ಎಲ್ಲರಲ್ಲೂ ಕಡಿಮೆಯಾಗಲಿಲ್ಲ. ಉರಿಯೂತ ಹೆಚ್ಚಿದ್ದವರಲ್ಲಿ ಇಳಿದವು. ಗಮನಿಸಬೇಕಾದ ಸಂಗತಿಯೆಂದರೆ ಇವರಾರೂ ಔಷಧ ಬಿಟ್ಟಿರಲಿಲ್ಲ. "ವಾಕಿಂಗ್ ಶುರುಮಾಡಿದೆ, ಇನ್ಹೇಲರ್ ಬಿಟ್ಟೆ" ಎಂದು ಹೆಮ್ಮೆಯಿಂದ ಹೇಳುವವರು ನಮ್ಮಲ್ಲಿದ್ದಾರೆ. ಅದು ಅಪಾಯದ ದಾರಿ.

ಟ್ರೆಡ್‌ಮಿಲ್ ನಮಗೆಲ್ಲಿಂದ ಬರಬೇಕು? ರೈಲ್ವೆ ಗೇಟಿನ ಕಡೆಯ ರಸ್ತೆಯಲ್ಲಿ ನಡೆದರೆ ಸಿಗುವುದು ವಾಹನಗಳ ಹೊಗೆ. ಅದಕ್ಕಿಂತ ಕೆರೆಯ ಕಡೆ ಅಥವಾ ಒಳರಸ್ತೆ ಮೇಲು, ಅದೂ ವಾಹನ ಹೆಚ್ಚುವ ಮೊದಲು. ಗಂಡಸರಿಗೆ ಫಜ್ರ್ ನಮಾಝ್ ಮುಗಿಸಿ ಮಸೀದಿಯಿಂದ ಹಾಗೇ ಸುತ್ತಿಬರಲು ಅಡ್ಡಿಯಿಲ್ಲ. ಕಷ್ಟ ಹೆಣ್ಣುಮಕ್ಕಳದ್ದು. ಒಬ್ಬಳೇ ನಡೆದರೆ ನೋಡುವ ಕಣ್ಣುಗಳು ಬೇರೆ. ಇನ್ಹೇಲರ್ ಕಂಡರೆ ಸಂಬಂಧ ತಪ್ಪೀತೆಂದು ಅದನ್ನು ಬಚ್ಚಿಡುವ ತಾಯಂದಿರ ಆತಂಕ ಬೇರೆ. ನೆರೆಯ ನಾಲ್ಕು ಮಂದಿ ಸೇರಿ ಹೊರಟರೆ ಮೊದಲಿನದಾದರೂ ಕಡಿಮೆಯಾಗುತ್ತದೆ.

ಮೊದಲ ಹತ್ತು ನಿಮಿಷ ನಿಧಾನವಾಗಿ ನಡೆಯಬೇಕು, ಆಮೇಲೆ ವೇಗ. ಪಕ್ಕದವರೊಡನೆ ಮಾತಾಡಲು ಆಗುವಷ್ಟು ಉಸಿರು ಉಳಿದಿರಲಿ. ವೈದ್ಯರು ಬರೆದುಕೊಟ್ಟ ತುರ್ತಿನ ಇನ್ಹೇಲರ್ ಜೇಬಿನಲ್ಲಿರಲಿ. ಮಗುವನ್ನು ಆಟಕ್ಕೆ ಕಳಿಸುವುದಾದರೆ ಅದನ್ನು ಎಲ್ಲಿಟ್ಟಿದ್ದೇವೆ ಎಂಬುದು ಪಿ.ಟಿ. ಮೇಷ್ಟ್ರಿಗೂ ಗೊತ್ತಿರಬೇಕು.