ಇಲ್ಲಿ ನಾನೇ ಗಿಡ್ಡಿ

ರಾಣೇಬೆನ್ನೂರಿನಿಂದ ತಂಗಿ ಫೋನು ಮಾಡಿದಳೆಂದರೆ ಒಂದೋ ಅವಳ ಅತ್ತೆಯ ಮಂಡಿನೋವಿನ ಸುದ್ದಿ, ಇಲ್ಲವೇ ನೀರು ಬಾರದ ನಳದ ಸುದ್ದಿ. ಆ ದಿನ ಮಾತ್ರ ದನಿ ಬೇರೆ ಇತ್ತು. "ಅಕ್ಕಾ, ನಮ್ಮ ಹುಡುಗಿ ಬೆಂಗಳೂರಿನ ಕ್ರೀಡಾ ಹಾಸ್ಟೆಲಿಗೆ ಆಯ್ಕೆ ಆಗ್ಯಾಳ, ಬಾಸ್ಕೆಟ್‌ಬಾಲಿಗೆ. ಅವ್ವ ಒಲ್ಲೆ ಅಂತ ಕುಂತಾಳ. ಬ್ಯಾಡಗಿಗೆ ನೀನೂ ಬಾ."

ಹಾವೇರಿಯಲ್ಲಿ ಬಸ್ಸು ಹತ್ತಿದೆ. ಬ್ಯಾಡಗಿ ಹತ್ತಿರವಾಗಿ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದಾಗ ನನ್ನದೇ ಹಳೆಯ ಕಥೆ ನೆನಪಾಯಿತು.

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ನಮ್ಮ ಶಾಲೆಯಲ್ಲಿ ಒಂದು ಕಂಬ, ಅದಕ್ಕೊಂದು ರಿಂಗು ಇತ್ತು; ಬಲೆ ಇರಲಿಲ್ಲ. ಹುಡುಗರು ಆಡಿ ದಣಿದ ಮೇಲೆ ಚೆಂಡು ನಮ್ಮ ಕೈಗೆ. ಹುಡುಗಿಯರಲ್ಲಿ ನಾನೇ ಎತ್ತರ. ರಿಂಗಿನ ಕೆಳಗೆ ನಿಂತು, ಬಂದ ಚೆಂಡನ್ನು ಮೇಲಕ್ಕೆ ಹಾಕುವುದಷ್ಟೇ ನನ್ನ ಕೆಲಸ. ಧಾರವಾಡಕ್ಕೆ ಪಂದ್ಯಕ್ಕೆ ಹೋಗಬೇಕಾಯಿತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಆಗ ನಮಗೆಲ್ಲ ಧಾರವಾಡವೇ ಜಿಲ್ಲೆ. "ಹೆಣ್ಣುಹುಡುಗಿ ರಾತ್ರಿ ಪರಊರಾಗ ಉಳಿಯೋದs?" ಎಂದಳು ಅವ್ವ. ಅಲ್ಲಿಗೆ ಮುಗಿಯಿತು. ಗೆಳತಿಯರು ಸೋತು ಬಂದು, "ನೀ ಇದ್ದಿದ್ರ ಗೆಲ್ತಿದ್ವಿ" ಎಂದರು. ಆ ಒಂದು ಮಾತಿನ ಮೇಲೆ ನಾನು ನಾಲ್ವತ್ತು ವರ್ಷ ಬದುಕಿದ್ದೇನೆ.

ಅವ್ವ ಪಡಸಾಲೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಎದುರಿಗೆ ತಂಗಿಯ ಮಗಳು, ಹದಿನಾಲ್ಕರ ಪೋರಿ, ಈಗಲೇ ಬಾಗಿಲಿಗೆ ತಲೆ ತಾಗಿಸುವಳು. ನಾನು ನನ್ನ ಧಾರವಾಡದ ಪುರಾಣ ತೆಗೆದೆ.

"ದೊಡ್ಡವ್ವ, ಸಿಟ್ಟಾಗಬ್ಯಾಡ. ನೀ ಹೋಗಿದ್ರೂ ಗೆಲ್ತಿದ್ದಿಲ್ಲ" ಎಂದಳು ಅವಳು. "ನಮ್ಮೂರಾಗ ನಾವs ಉದ್ದ. ರಿಂಗಿನ ಕೆಳಗ ನಿಂತ್ರ ಸಾಕು, ಬ್ಯಾರೆ ಏನೂ ಕಲಿಯೋದಿಲ್ಲ. ನಮ್ಮಷ್ಟs ಉದ್ದ ಇದ್ದವರು ಎದುರಿಗೆ ಬಂದಾಗ ಆಟ ಶುರುವಾಗ್ತದ."

ಆಮೇಲೆ ಅಜ್ಜಿಗೆ ಗೀತು ಅನ್ನಾ ಜೋಸ್ ಕಥೆ ಹೇಳಿದಳು. ಕೇರಳದ ಕೊಟ್ಟಾಯಂ ಕಡೆಯ ಹುಡುಗಿ, ಆರಡಿ ಎರಡಂಗುಲ ಎತ್ತರ, ದಕ್ಷಿಣ ರೈಲ್ವೆಯಲ್ಲಿ ನೌಕರಿ. ನಮ್ಮ ದೇಶದಲ್ಲಿ ಅವರೆದುರು ನಿಲ್ಲುವವರೇ ಅಪರೂಪ. 2006ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಬಳಿಯ ರಿಂಗ್‌ವುಡ್ ಕ್ಲಬ್ಬಿಗೆ ಆಡಲು ಹೋದರು. ಅಂಥ ಕಡೆ ಅಷ್ಟು ಎತ್ತರ ದೊಡ್ಡಸ್ತಿಕೆಯಲ್ಲ. ಮೈಗೆ ಮೈ ತಾಗಿಸಿ ತಡೆಯುವವರ ನಡುವೆ ಕಾಲು ಚುರುಕಾಗಬೇಕು, ಎಡಗೈಯೂ ಪಳಗಬೇಕು, ದೂರದಿಂದಲೂ ಗುರಿ ಹಿಡಿಯಬೇಕು. 2011ರಲ್ಲಿ ಅಮೆರಿಕದ ಮಹಿಳಾ ಲೀಗಿನ ಮೂರು ತಂಡಗಳು ಅವರನ್ನು ಪರೀಕ್ಷೆಗೆ ಕರೆದವು.

ಅವ್ವ ತೊಟ್ಟು ಬಿಡಿಸುವುದನ್ನು ನಿಲ್ಲಿಸಿದಳು. "ಆರಿಸಿದ್ರೇನು?"

"ಇಲ್ಲಜ್ಜಿ."

"ಮತ್ತ? ಅಷ್ಟು ದೂರ ಹೋಗಿ ಏನು ಬಂತು?"

ಹುಡುಗಿ ಸುಮ್ಮನಾದಳು. ಆಗ ನಾನು ಬಾಯಿ ಹಾಕಬೇಕಾಯಿತು. 2017ರ ಜುಲೈನಲ್ಲಿ ಮಗನ ಮನೆಗೆ ಬೆಂಗಳೂರಿಗೆ ಹೋದಾಗ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಒಂದು ಪಂದ್ಯ ನೋಡಿದ್ದೆ. ಏಷ್ಯಾ ಕಪ್ಪಿನ ಬಿ ವಿಭಾಗದ ಅಂತಿಮ ಪಂದ್ಯ. ನಮ್ಮ ಹುಡುಗಿಯರು ಕಜಕಸ್ತಾನವನ್ನು 75-73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿದರು. ಎರಡೇ ಅಂಕ! ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿನ ಕೈಯನ್ನೇ ಹಿಡಿದು ಕೂತಿದ್ದೆ. ಆ ತಂಡದಲ್ಲಿದ್ದ, ಕೇರಳದವರೇ ಆದ ಜೀನಾ ಮರುವರ್ಷ ಅದೇ ರಿಂಗ್‌ವುಡ್ಡಿಗೆ ಆಡಲು ಹೋದರು. "ಅವ್ವಾ, ಮೊದಲನೇದಾಕಿಗೆ ಅಮೆರಿಕಾದಾಗ ಜಾಗ ಸಿಗಲಿಲ್ಲ, ಖರೆ. ಆದ್ರ ಎರಡನೇದಾಕಿಗೆ ದಾರಿ ಗೊತ್ತಾತು" ಎಂದೆ.

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಮೊಮ್ಮಗಳನ್ನು ಕೇಳಿದಳು: "ಅಲ್ಲಿ ಊಟ ಯಾರು ನೀಡ್ತಾರ?"

"ಹಾಸ್ಟೆಲಿನವರs, ಅಜ್ಜಿ."

"ಹೂಂ. ಮೆಣಸಿನ ಅಗಿ ಮಡಿಯೊಳಗs ಬಿಟ್ರ ಒತ್ತೊತ್ತಾಗಿ ಉದ್ದಕ್ಕ ಬೆಳೀತಾವ, ಕಾಯಿ ಹಿಡಿಯೋದಿಲ್ಲ. ಕಿತ್ತು ಹಚ್ಚಬೇಕು. ಕಿತ್ತ ದಿನ ಬಾಡ್ತಾವ. ಬಾಡಿದ್ವು ಅಂತ ಅಳಬಾರದು."

ನನ್ನ ಧಾರವಾಡದ ಬಗ್ಗೆ ಅವಳು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಸಂಜೆ ನಾನು ಹೊರಟಾಗ ಮಾತ್ರ ಯಾವತ್ತೂ ಬಾರದವಳು ಬಸ್‌ಸ್ಟ್ಯಾಂಡಿನವರೆಗೆ ಬಂದಳು.

ಜೂನಿನಲ್ಲಿ ರಾಣೇಬೆನ್ನೂರು ಸ್ಟೇಷನ್ನಿನಲ್ಲಿ ಹುಡುಗಿಯನ್ನು ರೈಲು ಹತ್ತಿಸಿದೆವು. ಚೀಲದಲ್ಲಿ ಬೂಟಿನ ಪಕ್ಕಕ್ಕೆ ಅಜ್ಜಿ ಕೊಟ್ಟ ಶೇಂಗಾ ಚಟ್ನಿಯ ಡಬ್ಬಿ. ತಿಂಗಳಾದ ಮೇಲೆ ಫೋನು ಬಂತು. ಇಷ್ಟು ದಿನ ಅವಳು ಆಡಿದ್ದು ಗಂಡಸರ ಏಳನೇ ನಂಬರಿನ ಚೆಂಡಿನಲ್ಲಂತೆ. ಹೆಂಗಸರಿಗೆ ಆರನೇ ನಂಬರಿನದು, ಸಣ್ಣದು, ಹಗುರ. ಗುರಿಯೆಲ್ಲ ಹೊಸದಾಗಿ ಕಲಿಯಬೇಕು. ಮೊದಲ ಐದು ಮಂದಿಯಲ್ಲಿ ಇನ್ನೂ ಜಾಗವಿಲ್ಲ.

"ದೊಡ್ಡವ್ವ, ಇಲ್ಲಿ ನಾನs ಗಿಡ್ಡಿ" ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

"ಛಲೋ ಆತು ಬಿಡವಾ" ಎಂದೆ.